ಈ ಸಲ ಡಬ್ಬದಕ್ಕನ ಕೈಯಲ್ಲಿ ಡಬ್ಬವಿಲ್ಲ

ಇನ್ನೂ ನಸುಕು. ಶಾಲೆಯ ಸಭಾಂಗಣದಲ್ಲಿ ಒಂದೇ ಒಂದು ದೀಪ ಉರಿಯುತ್ತಿದೆ. ಅದರ ಕೆಳಗೆ ಕುಕ್ಕರಗಾಲಲ್ಲಿ ಕೂತ ಆಯಾ ದೊಡ್ಡ ತಗಡಿನ ಡಬ್ಬವೊಂದನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದಾರೆ. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಅಡ್ಡಲಾಗಿ ಕೂರುವ ಈ ಡಬ್ಬಕ್ಕೆ ಒಂದು ಬದಿಯಲ್ಲಿ ತಿರುಗಿಸುವ ಹಿಡಿ ಇದೆ. ಒರೆಸಿದ್ದನ್ನೇ ಮತ್ತೆ ಒರೆಸುತ್ತಾರೆ. "ಕೈಗೆ ಏನಾದ್ರೂ ಕೆಲಸ ಬೇಕು. ಸುಮ್ನೆ ಕೂರೋಕಾಗಲ್ಲ" ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಸುತ್ತಮುತ್ತಲಿನ ಸರ್ಕಾರಿ ಮಿಡ್ಲ್ ಸ್ಕೂಲುಗಳಲ್ಲಿ ಹೆಸರು ಮಾಡಿರುವುದು ಇದೊಂದೇ. ಆರನೇ ತರಗತಿಗೆ ಅರವತ್ತು ಸೀಟು, ಅರ್ಜಿ ನಾನೂರರ ಮೇಲೆ. ಇಲ್ಲಿ ಅಂಕ ಕೇಳುವುದಿಲ್ಲ, ಶಿಫಾರಸು ನಡೆಯುವುದಿಲ್ಲ. ಲಾಟರಿಯಲ್ಲಿ ನಂಬರ್ ಬಂದ ಮಗುವಿಗೆ ಸೀಟು, ಅಷ್ಟೇ. ಹೆಡ್‌ಮೇಡಂ ಚೀಟಿ ಎತ್ತುವ ಫೋಟೊ ಪ್ರತಿ ವರ್ಷ ನೋಟಿಸ್ ಬೋರ್ಡಿಗೆ ಏರುತ್ತದೆ. ಡಬ್ಬ ತಿರುಗಿಸುವ ಆಯಾ ಮಾತ್ರ ಆ ಫೋಟೊದಲ್ಲಿ ಮೊಣಕೈಯಷ್ಟೇ ಕಾಣುತ್ತಾರೆ. ಆದರೂ ಪೋಷಕರ ಬಾಯಲ್ಲಿ ಅವರು 'ಡಬ್ಬದಕ್ಕ'.

ಪ್ಲಾಸ್ಟಿಕ್ ಕೊಳವೆಯನ್ನು ಒಂದೇ ಅಳತೆಗೆ ಕತ್ತರಿಸಿ, ಒಂದೊಂದು ತುಂಡಿನೊಳಗೂ ನಂಬರಿನ ಚೀಟಿ ಸುರುಳಿ ಸುತ್ತಿ ತುರುಕುವುದು ಇವರದೇ ಕೆಲಸ. ಲಾಟರಿಯ ದಿನ ಬಳೆ ಬಿಚ್ಚಿಟ್ಟು, ಎಲ್ಲರೂ ನೋಡುವಂತೆ ತೋಳು ಮೇಲೇರಿಸಿ ಹಿಡಿ ಹಿಡಿಯುತ್ತಾರೆ. ಜೋರಾಗಿ ಆ ಕಡೆ, ಆಮೇಲೆ ಈ ಕಡೆ, ರಟ್ಟೆ ಸೋಲುವ ತನಕ. "ಡಬ್ಬ ಮುಕ್ಕಾಲು ತುಂಬಿರುತ್ತಲ್ಲ, ಮೆಲ್ಲಗೆ ತಿರುಗಿಸಿದ್ರೆ ರಾಶಿ ಇಡಿಯಾಗಿ ಜಾರಿ ಮತ್ತೆ ಹಂಗೇ ಕೂತ್ಕೊಳುತ್ತೆ. ಮೊದಲು ಹಾಕಿದ್ದು ಮೇಲಕ್ಕೆ ಬರೋದೇ ಇಲ್ಲ" ಎಂದು ವಿವರಿಸುತ್ತಾರೆ.

ಈ ಸಲ ಅವರ ಮೊಮ್ಮಗಳ ಚೀಟಿಯೂ ಡಬ್ಬಕ್ಕೆ ಬೀಳಲಿದೆ. ಲಾಟರಿಯಲ್ಲಿ ಸ್ವಂತ ಮಗು ಇರುವವರು ಡಬ್ಬ ತಿರುಗಿಸುವಂತಿಲ್ಲ. ನಿಯಮ ಸರಿಯಾಗಿಯೇ ಇದೆ, ಅವರಿಗೂ ತಕರಾರಿಲ್ಲ. ಅವರ ಭಯವೇ ಬೇರೆ. ಇಲ್ಲಿ ಸಿಗದಿದ್ದರೆ ಮಗು ಹೆದ್ದಾರಿಯಾಚೆಯ ಶಾಲೆಗೆ ಹೋಗಬೇಕು. ಅಲ್ಲಿ ಲಾರಿಗಳು ನಿಲ್ಲುವುದಿರಲಿ, ವೇಗವನ್ನೂ ತಗ್ಗಿಸುವುದಿಲ್ಲ. ಮಗುವಿನ ತಾಯಿಗೆ ಬೆಳಗಿನ ಪಾಳಿ, ಅಜ್ಜಿಗೆ ಶಾಲೆಯ ಬೀಗ ತೆಗೆಯುವ ಕೆಲಸ. ಕೈ ಹಿಡಿದು ರಸ್ತೆ ದಾಟಿಸುವವರು ಯಾರು?

ಅದೇ ಭಯಕ್ಕೆ ಅರ್ಜಿ ಕೊಡುವ ದಿನ ಗೇಟು ತೆರೆದವರೇ ಮೊದಲು ತಮ್ಮ ಅರ್ಜಿ ಕೊಟ್ಟುಬಿಟ್ಟರು. ನಂಬರ್ ಒಂದು! ಮೊದಲು ಕೊಟ್ಟರೆ ಲಾಟರಿಯಲ್ಲಿ ಲಾಭವೇನಿಲ್ಲ ಎಂದು ಊರಿಗೆಲ್ಲ ಹೇಳುವವರು ಇವರೇ. ಚೀಟಿಗಳನ್ನು ಪೋಷಕರ ಎದುರಿಗೆ ಒಂದರಿಂದ ಎಣಿಸುತ್ತ ಹಾಕುತ್ತಾರೆ, ಒಂದನೆಯದು ಎಲ್ಲಕ್ಕಿಂತ ಅಡಿಗೆ ಬೀಳುತ್ತದೆ ಎಂಬುದು ಇವರಿಗೆ ನೆನಪಾದದ್ದು ಮನೆಗೆ ಹೋದ ಮೇಲೆ.

ಹತ್ತು ಗಂಟೆಗೆ ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ. ಚೀಟಿಗಳನ್ನೆಲ್ಲ ಎಣಿಸಿ ಡಬ್ಬಕ್ಕೆ ಹಾಕಿಯಾಗಿದೆ. ಹಿಡಿ ಈಗ ಶಾಲೆಯ ವಾಚ್‌ಮನ್ ಕೈಯಲ್ಲಿದೆ. ಅವರಿಗೂ ಹೆದರಿಕೆ, ಹಳೆಯ ಹಿಡಿ ಕಿತ್ತುಬಂದರೆ ತಮ್ಮ ತಲೆಗೇ ಬರುತ್ತದೆ. ತೊಟ್ಟಿಲು ತೂಗುವ ಹಾಗೆ ಮೆಲ್ಲಗೆ ನಾಲ್ಕು ಸುತ್ತು ತಿರುಗಿಸಿ ನಿಲ್ಲಿಸುತ್ತಾರೆ. ಹಿಂದಿನ ಗೋಡೆಗೆ ಒರಗಿ ನಿಂತ ಡಬ್ಬದಕ್ಕನ ಮುಖ ಬಿಳಿಚಿಕೊಳ್ಳುತ್ತದೆ.

"ಹೇಳಿ ಅಮ್ಮಾ" ಎಂದು ಪಕ್ಕದಲ್ಲಿದ್ದ ನಾನು ಪಿಸುಗುಟ್ಟುತ್ತೇನೆ. "ಇನ್ನಷ್ಟು ತಿರುಗಿಸಿ ಅನ್ನಿ."

"ಸುಮ್ನಿರಿ! ನಾನು ಬಾಯಿ ಬಿಟ್ರೆ ಏನಂತಾರೆ? ಇಷ್ಟು ವರ್ಷ ತಿರುಗಿಸಿದ್ದೂ ಮೋಸ ಅಂತಾರೆ."

ಹೆಡ್‌ಮೇಡಂ ಕೈ ಹಾಕಿ ಎತ್ತುತ್ತಾರೆ. ಮುನ್ನೂರ ತೊಂಬತ್ತೊಂದು. ಮುನ್ನೂರ ಎಂಬತ್ತು. ನಾನೂರ ಎರಡು. ಒಂದೊಂದು ನಂಬರಿಗೂ ಎಲ್ಲೋ ಒಂದು ಕೇಕೆ. ಡಬ್ಬದಕ್ಕ ಸೆರಗಿನ ತುದಿ ಹಿಂಡುತ್ತಲೇ ಇರುತ್ತಾರೆ. ಅರವತ್ತೂ ಮುಗಿಯುತ್ತದೆ. ಒಂದನೇ ನಂಬರ್ ಬರುವುದಿಲ್ಲ.

ಜನ ಕರಗುತ್ತಾರೆ. ಯಾರದೋ ತಾಯಿ ಮೆಟ್ಟಿಲ ಮೇಲೆ ಮಗನನ್ನು ತಬ್ಬಿಕೊಂಡು ಅಳುತ್ತಿದ್ದಾರೆ. ಡಬ್ಬದಕ್ಕ ಎಂದಿನಂತೆ ಪೊರಕೆ ಹಿಡಿದು ಬಂದವರು, ಆ ತಾಯಿಯನ್ನು ಕಂಡು ಅಲ್ಲೇ ನಿಲ್ಲುತ್ತಾರೆ.

"ಅವರದು ಹನ್ನೆರಡನೇ ನಂಬರ್ರು. ಕ್ಯೂನಲ್ಲಿ ನನ್ನ ಹತ್ರಾನೇ ಕೇಳಿ ಅರ್ಜಿ ಬರೆಸ್ಕೊಂಡಿದ್ರು" ಎಂದು ಮೆಲ್ಲಗೆ ಹೇಳುತ್ತಾರೆ.

ಮೊಮ್ಮಗಳ ಗತಿಯೇನು ಎಂದು ಕೇಳಲು ನನಗೆ ಧೈರ್ಯ ಸಾಲದು. ಅವರೇ ಹೇಳುತ್ತಾರೆ: "ಬೇರೆ ಆಯಾ ಹತ್ರ ಕಾಲು ಹಿಡಿದು ಬೆಳಗಿನ ಬೀಗದ ಕೆಲಸ ಬದಲಾಯಿಸ್ಕೊತೀನಿ, ರಸ್ತೆ ನಾನೇ ದಾಟಿಸ್ತೀನಿ. ನನ್ನ ಮಗು ವಿಷಯ ಬಿಡಿ, ಅದಕ್ಕೆ ಅಜ್ಜಿ ಇದ್ದಾಳೆ. ಆದ್ರೆ ಡಬ್ಬದ ಅಡೀಲಿ ನಮ್ಮ ಚೀಟಿ ಒಂದೇ ಇರಲಿಲ್ಲವಲ್ಲ ಸಾರ್. ಬೇರೆಯವರ ಮಕ್ಕಳೂ ಇದ್ರು. ಅವರಿಗೋಸ್ಕರ ನಾನು ಕೂಗಬೇಕಿತ್ತು."