ನಲವತ್ತೊಂದು ಕರೆಗಳ ನಕಲು

ಬೈಲಹೊಂಗಲದ ಕೋರ್ಟಿನ ಎದುರು ಟೈಪ್ ಮಾಡಿಕೊಡುತ್ತಿದ್ದ ನೀಲಕಂಠರಾಯರಿಗೆ ನಕಲೆಂದರೆ ನಕಲು. ಮೂಲದಲ್ಲಿ ತಪ್ಪಿದ್ದರೆ ನಕಲಿನಲ್ಲೂ ತಪ್ಪು. ಗೀಟು ಹೊಡೆದ ಮಾತಿದ್ದರೆ ಅದನ್ನೂ ಟೈಪ್ ಮಾಡಿ ಮೇಲೊಂದು ಗೀಟು. ವಕೀಲರು ಗೊಣಗುತ್ತಿದ್ದರು. ಗೊಣಗಲಿ, ರಾಯರಿಗೇನು!

೧೯೭೯ರ ಬೇಸಿಗೆಯಲ್ಲಿ, ಮುಂಬಯಿಯ ಸಂಶೋಧನಾಲಯವೊಂದರಲ್ಲಿದ್ದ ದಿಗಂಬರ ತಂಗಿಯ ಮದುವೆಗೆಂದು ಊರಿಗೆ ಬಂದವನು, ಕೈಬರಹದ ಕಟ್ಟೊಂದನ್ನು ರಾಯರ ಮೇಜಿನ ಮೇಲಿಟ್ಟ. ಸ್ಕೀಮ್ ಎಂಬ ಹೊಸ ಕಂಪ್ಯೂಟರ್ ಭಾಷೆಯಲ್ಲಿ ಬರೆಯುವವರು, ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್ಮನ್ನು ಕರೆದು ಕಡತ ತೆರೆ, ಓದು, ಮುಚ್ಚು ಎಂದು ಹೇಳುವ ನಲವತ್ತೊಂದು ಕರೆಗಳ ವಿವರ. ಯಾವ ಕರೆಗೆ ಏನು ಕೊಡಬೇಕು, ಏನು ವಾಪಸ್ ಬರುತ್ತದೆ, ಎಲ್ಲ ಇಂಗ್ಲಿಷಿನಲ್ಲಿ. ರಾಯರಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯಬೇಕೆಂಬ ಹಟವೂ ಇರಲಿಲ್ಲ. ಸಂಗೊಳ್ಳಿಯ ಗಿರಾಕಿಯೊಬ್ಬರ ಹೊಲದ ಪತ್ರಗಳನ್ನು ಪಕ್ಕಕ್ಕಿಟ್ಟು ನಾಲ್ಕು ದಿನದಲ್ಲಿ ಮುಗಿಸಿದರು. ಮಾತಿಗಿಂತ ಕಂಸಗಳೇ ಜಾಸ್ತಿಯಿದ್ದವು.

ಹದಿನೇಳನೆಯ ಕರೆಯ ಪುಟ ನೋಡಿ ದಿಗಂಬರ ಹೌಹಾರಿದ. “ರಾಯರ, ನಾ ಗೀಟು ಹೊಡದದ್ದನ್ನೂ ಟೈಪ್ ಮಾಡೀರಲ್ರಿ!”

“ಮೂಲದಾಗ ಅದ.”

“ಅದನ್ನ ಬಿಟ್ಟು ಈ ಪುಟ ಇನ್ನೊಮ್ಮೆ ಹೊಡದು ಕೊಡ್ರಿ. ಇವತ್ತ ಟಪಾಲಿಗೆ ಹಾಕಬೇಕು.”

“ಏನದ ಅದರಾಗ?” ಗಿರಾಕಿಯ ಕಾಗದದ ಅರ್ಥವನ್ನು ರಾಯರು ಕೇಳಿದ್ದು ಅದೇ ಮೊದಲು.

ದಿಗಂಬರ ಅತ್ತಿತ್ತ ನೋಡಿದ. “ಕಡತ ಮುಚ್ಚೂಕಿಂತ ಮೊದಲ ಈ ಕರೆ ಮಾಡಿದ್ರ, ಬರದದ್ದೆಲ್ಲಾ ಅಳಿಸಿ ಹೋಗ್ತದ ಅಂತ ಬರದಿದ್ದೆ. ಮುಂಬಯಿಯ ನಮ್ಮ ಸಾಹೇಬ್ರು ತೆಗಿ ಅಂದ್ರು. ನಮ್ಮ ಹುಳುಕು ನಾವ ಯಾಕ ಡಂಗುರ ಹೊಡೀಬೇಕು ಅಂತಾರ.”

“ಖರೇನ ಅಳಿಸ್ತದೇನು?”

“ಖರೇನರಿ. ನಂದ ಆರು ತಿಂಗಳ ಕೆಲಸ ಹೋತು.”

ಒಂದು ಹಾಳೆ ಗಾಳಿಗೆ ಹಾರಿದರೆ ಎರಡು ದಿನ ಊಟ ಸೇರದ ಮನುಷ್ಯ ರಾಯರು. ಕಟ್ಟನ್ನು ಮುಂದಕ್ಕೆ ಸರಿಸಿದರು. “ಹಂಗಾರ ನನ್ನ ಕೈಲೆ ಆಗೂದಿಲ್ಲ. ಮಷೀನ್ ಖಾಲಿ ಅದ, ನೀವ ಹೊಡ್ಕೋರಿ.”

“ನಿಮಗ್ಯಾಕ್ರಿ ಇದರ ಉಸಾಬರಿ!” ಎಂದು ದಿಗಂಬರ ಧಡಕ್ಕನೆ ಕುಳಿತ. ಒಂದೇ ಬೆರಳಿನಲ್ಲಿ ಟಕ್, ಟಕ್.

ರಾಯರು ಚಹಾ ಕುಡಿಯುತ್ತ ಬೇರೆ ಕಡೆ ನೋಡಿದರು. ಒಳಗೊಳಗೇ ಹೆದರಿಕೆ. ಇವನು ಆ ಸಾಲು ಬಿಟ್ಟರೆ, ಕಂಡು ಕೇಳದ ಯಾವ ಊರಿನಲ್ಲೋ ಯಾರದೋ ಬರಹ ಮಣ್ಣುಪಾಲು. ತಾವೋ ಇಲ್ಲಿ ಚಹಾ ಕುಡಿಯುತ್ತ ಕೂತಿದ್ದಾರೆ.

ಸದ್ದು ನಿಂತಿತು. ಬಹಳ ಹೊತ್ತಾದ ಮೇಲೆ ಮತ್ತೆ ಶುರುವಾಯಿತು. ರಾಯರು ತಡೆಯಲಾರದೆ ಎದ್ದು ಅವನ ಬೆನ್ನ ಹಿಂದೆ ನಿಂತರು. ಆ ಸಾಲು ಪೂರ್ತಿ ಇತ್ತು. ಮೇಲೆ ಗೀಟಿರಲಿಲ್ಲ.

“ಸಾಹೇಬ್ರು ಕೇಳಿದ್ರ ಟೈಪ್ ಮಾಡಿದವರ ತಪ್ಪು ಅಂತ ಹೇಳ್ತೇನಿ,” ಎಂದ ದಿಗಂಬರ, ತಿರುಗದೆ.

ಮೂವತ್ತೊಂದು ವರ್ಷದ ಕೆಲಸದಲ್ಲಿ ಒಬ್ಬರಿಂದಲೂ ತಪ್ಪೆನ್ನಿಸಿಕೊಳ್ಳದ ರಾಯರು ಚಹಾದ ಲೋಟವನ್ನು ಮೇಜಿನ ಮೇಲಿಟ್ಟರು.

“ಹೇಳ್ರಿ,” ಎಂದರು. “ಬರೇ ಹೇಳಿದ್ರ ನಂಬಲಿಕ್ಕಿಲ್ಲ. ಟೈಪ್ ಮಾಡಿದವರು ಅಂತ ಕೆಳಗ ನನ್ನ ಹೆಸರು ಹಾಕ್ರಿ, ಸಹಿ ಮಾಡಿಕೊಡ್ತೇನಿ.”