ತಳಕಲ್ಲಿನಿಂದ ಲೇಹ್‌ಗೆ, ಮೆಲ್ಲಗೆ

ಲೇಹ್‌ನಲ್ಲಿ ಕಾಲಿಟ್ಟ ದಿನ ಮನೆ ಒಡತಿ ನನ್ನ ಕೈಯಿಂದ ನೀರಿನ ಬಕೆಟ್ ಕಸಿದುಕೊಂಡು, "ಹೋಗಿ ಮಲಗು" ಎಂದು ಹಿಂದಿಯಲ್ಲಿ ಗದರಿದಳು. ಹಾಡುಹಗಲು. ನಮ್ಮ ತಳಕಲ್‌ನಲ್ಲಿ ಹೊಸ ಮನೆಗೆ ಬಂದ ಹೆಂಗಸು ಗಂಟು ಬಿಚ್ಚದೆ ಮಲಗಿದರೆ ಓಣಿಯೆಲ್ಲ ಆಡಿಕೊಳ್ಳುತ್ತದೆ. ಇಲ್ಲಿ ಗಾಳಿ ತೆಳು. ಮೈ ಒಗ್ಗುವವರೆಗೆ ಮಲಗುವುದೇ ಕೆಲಸ.

ಯಜಮಾನರಿಗೆ ಇಲ್ಲಿನ ರಸ್ತೆ ಕಾಮಗಾರಿಯಲ್ಲಿ ಸರ್ಕಾರಿ ನೌಕರಿ. ನಾನು ಹಿಂದಿನ ವರ್ಷವೇ ಬರಬೇಕಿತ್ತು. ಆದರೆ ನನಗೆ ಮೊದಲಿನಿಂದಲೂ ರಕ್ತ ಕಡಿಮೆ. ಅವ್ವನಿಗೂ ಹಾಗೇ ಇತ್ತು. ಕೊನೆಕೊನೆಗೆ ಎರಡು ಮಾತಾಡಿದರೂ ಏದುಸಿರು ಬಿಡುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಕೊಪ್ಪಳದ ಡಾಕ್ಟರಮ್ಮ ನನ್ನ ರಕ್ತ ನೋಡಿ, ಇಷ್ಟು ಕಡಿಮೆ ರಕ್ತದಲ್ಲಿ ಅಷ್ಟೆತ್ತರಕ್ಕೆ ಹೋಗುವುದು ಬೇಡವೆಂದು ಕಬ್ಬಿಣಾಂಶದ ಗುಳಿಗೆ ಕೊಟ್ಟರು. ತಿಂಗಳುಗಟ್ಟಲೆ ನುಂಗಿದರೂ ರಕ್ತ ಏರಲಿಲ್ಲ.

"ಗುಳಗಿ ಯಾತರ ಕೂಡ ತಗೋತಿ?" ಎಂದು ಡಾಕ್ಟರಮ್ಮ ಕೇಳಿದರು.

"ಚಾದ ಕೂಡ್ರಿ. ಅವ್ವ ಹೋದ್ಲಂತ ಮಾತಾಡ್ಸಾಕ ಮಂದಿ ಬರ್ತಾರ್ರಿ. ಅವರ ಜೋಡಿ ಕುಡೀಬೇಕಲ್ರಿ."

"ಹಂಗಾದ್ರ ಗುಳಗಿ ದಂಡ ಆದಂಗ ನೋಡವ್ವಾ. ಚಾ ಅದನ್ನ ಮೈಗೆ ಹತ್ತಗೊಡಂಗಿಲ್ಲ. ಲಿಂಬಿ ಶರಬತ್ತಿನ ಜೋಡಿ ತಗೋ."

ಸಾವಿನ ಮನೆಯ ಚಹಾ ಬೇಡವೆನ್ನುವುದು ನಮ್ಮಲ್ಲಿ ಸುಲಭವಲ್ಲ. ಯಲಬುರ್ಗಾದಿಂದ ಬಂದ ದೊಡ್ಡವ್ವ ಮುಖ ತಿರುಗಿಸಿದಳು. "ನನ್ನ ಕೂಡ ಚಾ ಒಲ್ಲೆಂತಿ. ಗುಡ್ಡ ಹತ್ತೂಕ್ಕಿಂತ ಮೊದ್ಲ ದೊಡ್ಡಾಕಿ ಆದಿ ಬಿಡು."

ಅನ್ನಿಸಿಕೊಂಡೆ. ಬೇಸಿಗೆ ಹೊತ್ತಿಗೆ ರಕ್ತ ಏರಿತು. ಒಮ್ಮೆಲೇ ವಿಮಾನದಲ್ಲಿ ಇಳಿಯುವುದು ಬೇಡ ಎಂದರು ಡಾಕ್ಟರಮ್ಮ. ಯಜಮಾನರೇ ಕರೆಯಲು ಬಂದರು; ಶ್ರೀನಗರದಿಂದ ರಸ್ತೆಯಲ್ಲಿ ನಡುನಡುವೆ ತಂಗುತ್ತ ಬಂದೆವು. ತಲೆನೋವು, ಏದುಸಿರು ಹೆಚ್ಚಾದರೆ ಕೂಡಲೇ ಕೆಳಗಿಳಿಯುವುದೆಂದು ಮೊದಲೇ ಮಾತಾಗಿತ್ತು.

ಇಲ್ಲಿಯೂ ಚಹಾ ನನ್ನ ಬೆನ್ನು ಬಿಡಲಿಲ್ಲ. ಬೆಣ್ಣೆ, ಉಪ್ಪು ಹಾಕಿದ ಗುರ್‌ಗುರ್ ಚಹಾ. ಬಟ್ಟಲು ತಗ್ಗಿದಂತೆಲ್ಲ ತುಂಬುತ್ತಾರೆ. ನಾನು ಗುಳಿಗೆ ತೋರಿಸಿ "ಜುಲೇ" ಎಂದೆ. ನಮಸ್ಕಾರಕ್ಕೂ ಉಪಕಾರ ನೆನೆಯಲಿಕ್ಕೂ ಅವರದು ಅದೊಂದೇ ಮಾತು. ಒಡತಿ ನಕ್ಕು ಕೆಟಲ್ ಪಕ್ಕಕ್ಕಿಟ್ಟಳು. ದೊಡ್ಡವ್ವನ ಹಾಗೆ ಮುನಿಯಲಿಲ್ಲ. ಆದರೆ ಅವಳು ಅವ್ವನನ್ನು ನೋಡಿದವಳೂ ಅಲ್ಲ.

ಕೆಲವು ದಿನ ಕಳೆದು ಆಸ್ಪತ್ರೆಯಲ್ಲಿ ಬೆರಳಿಗೆ ಚಿಮಟದಂಥದ್ದು ಸಿಕ್ಕಿಸಿ ಮೈಗೆ ಆಮ್ಲಜನಕ ಸಾಲುತ್ತಿದೆಯೇ ನೋಡಿದರು, ರಕ್ತವನ್ನೂ ಪರೀಕ್ಷಿಸಿದರು. ಓಡಾಡಬಹುದು, ಅವಸರ ಬೇಡ ಎಂದರು. ಯಜಮಾನರ ಮುಖ ಸಡಿಲಾಯಿತು.

"ಪಾರಾದೆ ನೋಡು. ಇನ್ನ ರೊಟ್ಟಿ ಬಡಿಯೂದು ನಿಂದ."

"ನೀವು ಬಡದದ್ದು ರೊಟ್ಟಿ ಏನ್ರಿ ಅದು?"

ಸಂಜೆ ನಿಂತು ನಿಂತು ಮಾಳಿಗೆ ಹತ್ತಿದೆ. ಅವ್ವ ಹೋದಾಗಿನಿಂದ ಬಾಯಿಬಿಟ್ಟು ಅತ್ತಿರಲಿಲ್ಲ; ಅಳುವಾಗ ಉಸಿರು ಸಿಗದಿದ್ದರೆ ಎಂಬ ಅಂಜಿಕೆ. ಅವತ್ತು ಅತ್ತೆ. ಉಸಿರು ಕೈಬಿಡಲಿಲ್ಲ. ಅವ್ವ ಇರುವುದು ತಳಕಲ್‌ನ ಕರಿಮಣ್ಣಿನಲ್ಲಿ. ಅವಳಿಗಾಗಿ ನಾನು ಪೂರ್ತಿ ಅತ್ತದ್ದು ಈ ಊರಿನಲ್ಲಿ.