ಕೋಳಿ ಕೇಳಿದ ಹಾಡು

ಆ ಭಾನುವಾರ ಸಂಜೆ ನನ್ನ ಹೆಂಡತಿ ಪೆಂಡುರ್ತಿ ಊರಿನ ನಮ್ಮ ಮನೆಯ ಹಿತ್ತಲ ಮೆಟ್ಟಿಲ ಮೇಲೆ ಕೂತು ಕೋಳಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಕಂದು ಬಣ್ಣದ ಹೇಂಟೆ, ಒಂದು ಕಾಲು ಸ್ವಲ್ಪ ಸೊಟ್ಟ. ಕೋಳಿ ತಿಂದ ಕಾಳು ಮೊದಲು ಕತ್ತಿನ ಬುಡದ ಚೀಲದಲ್ಲಿ ನಿಲ್ಲುತ್ತದೆ. ಆ ಚೀಲ ತುಂಬಿದೆಯೇ ಎಂದು ಕೈಯಿಟ್ಟು ನೋಡುವುದು ಅವಳ ಸಂಜೆಯ ಕೆಲಸ. ನಾನು ವಿಜಯವಾಡದ ರೈಲಿಗೆ ಹೊರಟು ನಿಂತಿದ್ದೆ.

"ನಾನು ಉಂಡೆನೋ ಇಲ್ಲವೋ ಅಂತ ಒಂದು ದಿನ ಹೀಗೆ ನೋಡಿದ್ದೀಯಾ?" ಎಂದೆ. ತಮಾಷೆಗೆ ಅಂದಿದ್ದು, ಪೂರ್ತಿ ತಮಾಷೆಯೂ ಅಲ್ಲ.

"ನಿಮಗೆ ಬಾಯಿದೆಯಲ್ರೀ. ಸಾಕಷ್ಟು ದೊಡ್ಡದೇ ಇದೆ. ಚಟ್ನಿಪುಡಿ ಮೇಜಿನ ಮೇಲಿದೆ, ಮರೀಬೇಡಿ."

ಮರೆತು ಹೋದೆ. ವಾರದ ನಡುವೆ ಸುದ್ದಿ ಕೇಳಿ ಮನೆಗೆ ಬಂದಾಗ ಅದು ಮೇಜಿನ ಮೇಲೆಯೇ ಇತ್ತು, ಅವಳು ಇರಲಿಲ್ಲ. ಬಟ್ಟೆ ಒಣಗಿಸುವಾಗ ಕುಸಿದಳಂತೆ. ಪಕ್ಕದ ಮನೆಯಾಕೆ ಕಂಪೌಂಡು ದಾಟಿ ಓಡಿಬಂದು, ಆಟೋದಲ್ಲಿ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋದರೂ ಅವಳು ಉಳಿಯಲಿಲ್ಲವಂತೆ. ಆಗ ನಾನು ಬ್ಯಾಂಕಿನ ಕೌಂಟರಿನಲ್ಲಿ ಕೂತಿದ್ದೆ.

ಆಕೆಗೆ ನಾನು ಕೃತಜ್ಞನಾಗಿರಬೇಕಿತ್ತು. ಇದ್ದೆ ಕೂಡ. ಆದರೆ ಆಕೆಯನ್ನು ಕಂಡಾಗಲೆಲ್ಲ ಎದೆಯಲ್ಲಿ ಏನೋ ಉರಿಯುತ್ತಿತ್ತು. ಬ್ಯಾಂಕು ನನ್ನನ್ನು ಪೆಂಡುರ್ತಿಯಿಂದ ವಿಜಯವಾಡಕ್ಕೆ ವರ್ಗ ಮಾಡಿದಾಗ, "ಅಲ್ಲಿನ ಬಿಸಿಲು ನಿಮಗೇ ಇರಲಿ" ಎಂದು ಹೆಂಡತಿ ಇಲ್ಲೇ ಉಳಿದಿದ್ದಳು. ನಮಗೆ ಮಕ್ಕಳಿಲ್ಲ. ಅವಳ ವಾರದ ದಿನಗಳೆಲ್ಲ ಈ ತೆಲುಗಿನಾಕೆಗೂ ಕೋಳಿಗೂ ಸಿಕ್ಕವು, ನನಗೆ ಸಿಕ್ಕಿದ್ದು ಭಾನುವಾರ. ಆಕೆ ಅವಳಿಂದ ಕನ್ನಡವನ್ನೂ ಕಲಿತಿದ್ದರು. ಅದೂ ನಮ್ಮ ದಾವಣಗೆರೆ ಕಡೆಯ ಕನ್ನಡ, ಅವಳದೇ ಎಳೆತ. ಸಾವಿನ ಮನೆಯಲ್ಲಿ ಆಕೆ "ಒಂದು ತುತ್ತು ಉಣ್ರೀ ಅನ್ನಯ್ಯಗಾರೂ" ಎಂದಾಗ ನಾನು ಬೆಚ್ಚಿ ತಿರುಗಿ ನೋಡಿದೆ. ಅಣ್ಣನವರೇ ಎನ್ನುವ ಆ ತೆಲುಗು ಮಾತೊಂದು ಬಿಟ್ಟರೆ ಥೇಟ್ ಅವಳೇ.

ಕಾರ್ಯ ಮುಗಿದ ಮೇಲೆ ಆಕೆಯೇ ಕೇಳಿದರು. "ಕೋಳಿ ನನ್ನ ಹತ್ರಾನೇ ಇರಲಿ. ನೀವು ಒಬ್ಬರೇ ಹೆಂಗೆ ಸಾಕ್ತೀರಿ?"

"ಬೇಡಮ್ಮಾ. ನಾನು ಕರ್ಕೊಂಡು ಹೋಗ್ತೀನಿ."

ಕೋಳಿಯ ಮೇಲಿನ ಪ್ರೀತಿಯಿಂದ ಹೇಳಿದ ಮಾತಲ್ಲ ಅದು. ಅವಳು ಮುಟ್ಟಿದ್ದು ಇನ್ನೂ ಏನಾದರೂ ಆಕೆಯ ಪಾಲಾಗುವುದು ನನಗೆ ಬೇಡವಾಗಿತ್ತು.

ವಿಜಯವಾಡದಲ್ಲಿ ನನ್ನ ಕೋಣೆ ಮಹಡಿಯ ಮೇಲಿತ್ತು. ಟೆರೇಸಿನಲ್ಲಿ ನೀರಿನ ಟ್ಯಾಂಕಿನ ನೆರಳಿಗೆ ಕೋಳಿಯನ್ನು ಬಿಟ್ಟೆ. ಅದು ಕಾಳು ತಿನ್ನದೆ ಮೂಲೆ ಹಿಡಿಯಿತು. ಹೊಟ್ಟೆ ಕೆಟ್ಟವರಿಗೆ ನಮ್ಮಲ್ಲಿ ಕೊಡುವುದು ಮೊಸರನ್ನ. ಅದನ್ನೇ ಮೆತ್ತಗೆ ಕಿವುಚಿ ಕೊಟ್ಟೆ, ಅಷ್ಟು ಮಾತ್ರ ತಿಂದಿತು. ಬೆಳಿಗ್ಗೆ ಖಾಲಿಯಾಗಿರಬೇಕಾದ ಚೀಲ ನೀರು ತುಂಬಿದ ಬಲೂನಿನಂತೆ ಜೋತುಬಿದ್ದಿತ್ತು. ಕೊಕ್ಕಿನಿಂದ ಹುಳಿ ವಾಸನೆ ಬರುತ್ತಿತ್ತು.

ಪಶುವೈದ್ಯರು ಮುಟ್ಟಿ ನೋಡಿ ತಲೆ ಆಡಿಸಿದರು. "ಅನ್ನ ಒಳಗೇ ಹುಳಿತಿದೆ. ಕೋಳಿಗೆ ಯಾರಾದ್ರೂ ಮೊಸರನ್ನ ಹಾಕ್ತಾರೇನ್ರೀ? ನೆಂಟರಾ ಅದು?" ಔಷಧಿ ಬರೆದುಕೊಟ್ಟು, ಸದ್ಯಕ್ಕೆ ನೀರು ಮಾತ್ರ, ಚೀಲವನ್ನು ಬೆರಳಿನಿಂದ ಹಗುರವಾಗಿ ನೀವುತ್ತಿರಬೇಕು, ಬಲವಂತ ಮಾಡಿದರೆ ನೀರು ಉಸಿರಿನ ದಾರಿಗೆ ನುಗ್ಗುತ್ತದೆ ಎಂದರು.

ಬಲವಂತವಿಲ್ಲದೆ ನನಗೆ ಅದನ್ನು ಹಿಡಿಯಲಿಕ್ಕೇ ಆಗಲಿಲ್ಲ. ಕೈ ಹತ್ತಿರ ಒಯ್ದರೆ ರೆಕ್ಕೆ ಬಡಿಯುತ್ತಿತ್ತು. ಅವಳ ಹಾಗೆ ಮೆಟ್ಟಿಲ ಮೇಲೆ ಕೂತೆ, ಅವಳ ಹಾಗೆ ಮಡಿಲಲ್ಲಿ ಇಟ್ಟುಕೊಂಡೆ. ಮುಂಗೈ ಕುಕ್ಕಿ ಜಿಗಿದು ಹೋಯಿತು. ಮರುದಿನ ಸಂಜೆಗೆ ಕತ್ತು ಎತ್ತುವ ಶಕ್ತಿಯೂ ಅದಕ್ಕೆ ಉಳಿದಿರಲಿಲ್ಲ. ಇದೂ ಹೋದರೆ ಅವಳ ಕೈಯ ರೂಢಿ ಇದ್ದ ಜೀವ ಈ ಮನೆಯಲ್ಲಿ ನಾನೊಬ್ಬನೇ. ಫೋನ್ ಎತ್ತಿಕೊಂಡೆ, ಕೆಳಗಿಟ್ಟೆ. ಮತ್ತೆ ಎತ್ತಿಕೊಂಡು ಪೆಂಡುರ್ತಿಗೆ ಮಾಡಿದೆ.

"ಹಾಡಿದ್ರಾ?" ಎಂದರು ಪಕ್ಕದ ಮನೆಯಾಕೆ.

"ಏನು ಹಾಡೋದು?"

"ಅಕ್ಕ ಹಾಡ್ತಾ ಹಾಡ್ತಾನೇ ಅಲ್ವೇನ್ರೀ ಅದನ್ನ ಮುಟ್ಟುತ್ತಿದ್ದಿದ್ದು? ದಿನಾ ಸಂಜೆ. ನಿಮಗೆ ಗೊತ್ತಿಲ್ವಾ?"

ನನಗೆ ಗೊತ್ತಿರಲಿಲ್ಲ. ಮದುವೆಯಾದಾಗಿನಿಂದ ಅವಳು ಹಾಡಿದ್ದನ್ನು ನಾನು ಕೇಳಿಯೇ ಇಲ್ಲ. ಊರಲ್ಲಿ ಆರತಿಗೆ ಕರೆದರೂ "ನನ್ನ ಗಂಟಲು ಚೆನ್ನಾಗಿಲ್ಲ" ಎಂದು ಹಿಂದೆ ಸರಿಯುವವಳು. ಭಾನುವಾರ ನಾನಿದ್ದೆನೆಂದೇ ಹಾಡುತ್ತಿರಲಿಲ್ಲವೇನೋ.

"ಸ್ಪೀಕರ್ ಹಾಕಿ ಕೋಳಿ ಹತ್ರ ಇಡಿ," ಎಂದರು ಆಕೆ, ಗುನುಗತೊಡಗಿದರು. ಮೂರು ನಾಲ್ಕು ಸ್ವರಗಳ ಸಣ್ಣ ರಾಗ, ಮೇಲೆ ಹೋಗಿ ಮತ್ತೆ ಅಲ್ಲಿಗೇ ಇಳಿಯುತ್ತದೆ. ಕೋಳಿ ಕಣ್ಣು ಅರ್ಧ ಮುಚ್ಚಿತು. ಮೈ ಸಡಿಲವಾಯಿತು. ನಾನು ಬೆರಳಿಟ್ಟು ನೀವಿದೆ. ಈ ಸಲ ಬಿಡಿಸಿಕೊಳ್ಳಲಿಲ್ಲ. ನನ್ನ ಹೆಂಡತಿಯ ಹಾಡು ಬೇರೆಯವರ ಬಾಯಿಂದ ನನ್ನ ಕೋಣೆಗೆ ಬರುತ್ತಿತ್ತು. ಅದನ್ನು ಗುರುತು ಹಿಡಿದಿದ್ದು ಕೋಳಿ.

ಆಮೇಲೂ ಬೆಳಿಗ್ಗೆ ಸಂಜೆ ಫೋನ್ ಮಾಡಿದೆ. ಔಷಧಿಯಿಂದಲೋ ನೀವಿದ್ದರಿಂದಲೋ ಒಂದು ಬೆಳಿಗ್ಗೆ ಚೀಲ ಬರಿದಾಗಿ ಚಪ್ಪಟೆಯಾಗಿತ್ತು. ಆ ದಿನ ಅದು ನೆನೆಸಿದ ನುಚ್ಚು ತಿಂದಿತು.

ಈಗ ರಾಗ ನನಗೂ ಬರುತ್ತದೆ. ಆದರೆ ಪಕ್ಕದ ಮನೆಯಾಕೆ ಫೋನಿನಲ್ಲಿ ತಿದ್ದುತ್ತಾರೆ. "ಅಲ್ಲಿ ಅಷ್ಟು ಎಳೀಬಾರದು ಅನ್ನಯ್ಯಗಾರೂ, ಅಕ್ಕ ಹಂಗೆ ಎಳೀತಿರಲಿಲ್ಲ." ಆಗ ಫೋನ್ ಇಟ್ಟುಬಿಡಬೇಕು ಅನ್ನಿಸುತ್ತದೆ. ಇಡುವುದಿಲ್ಲ.

ಒಮ್ಮೆ ಹಾಡಿನ ಮಾತು ಏನೆಂದು ಆಕೆಯನ್ನು ಕೇಳಿದೆ.

"ಮಾತು ಇತ್ತು, ಕನ್ನಡಾನೇ ಅನ್ಸುತ್ತೆ. ಆದರೆ ಅದರ ಕಿವಿ ಹತ್ರ ಬಗ್ಗಿ ಹೇಳೋರು. ಕಂಪೌಂಡಿನ ಈಚೆಗೆ ನನಗೆ ಬರೀ ರಾಗ ಕೇಳಿಸ್ತಿತ್ತು."

ದಾವಣಗೆರೆಯಲ್ಲಿರುವ ಅವಳ ತಂಗಿಗೆ ಫೋನಿನಲ್ಲೇ ಗುನುಗಿ ತೋರಿಸಿದೆ. "ಅಕ್ಕ ಹಾಡ್ತಿದ್ಲಾ?" ಎಂದಳು ಅವಳು.

ಕೋಳಿ ಟೆರೇಸಿನಲ್ಲಿ ಆರೋಗ್ಯವಾಗಿದೆ. ಹಾಡಿನ ಮಾತು ಕೇಳಿದ್ದು ಅದೊಂದೇ. ನನಗೆ ಆ ಮಾತು ಸಿಕ್ಕಿಲ್ಲ.